ಪೌಡರ್ ಕೋಟಿಂಗ್ ಆದ ಫ್ರೇಮ್‌ಗೆ ಬಾಟಮ್ ಬ್ರಾಕೆಟ್: ಬಲಗಡೆ ಕಪ್ ಎರಡೇ ಸುತ್ತಿಗೆ ನಿಂತುಬಿಡುತ್ತೆ

ಕೆಂಪುಫ್ರೇಮ್:

ಸೈಕಲ್‌ದು ಸ್ಟೀಲ್ ಫ್ರೇಮ್, ಈಗಷ್ಟೇ ಪೌಡರ್ ಕೋಟಿಂಗ್ (ಪುಡಿ ಬಣ್ಣ) ಆಗಿ ಬಂದಿದೆ. ಮೊದಲು ಇದರಲ್ಲಿ ಚೌಕ ತುದಿಯ ಸ್ಪಿಂಡಲ್ (ಎರಡು ಕ್ರ್ಯಾಂಕ್ ಸೇರಿಸುವ ದಂಡ) ಇರುವ ಕಾರ್ಟ್ರಿಜ್ ಬಿಬಿ (ಬಾಟಮ್ ಬ್ರಾಕೆಟ್, ಅಂದರೆ ಕ್ರ್ಯಾಂಕ್ ತಿರುಗುವ ಬೇರಿಂಗ್ ಜೋಡಣೆ) ಇತ್ತು, ಯಾವ ತಕರಾರೂ ಇರಲಿಲ್ಲ. ಹಳೇ ಕಪ್ (ಬಿಬಿಯನ್ನು ಫ್ರೇಮ್‌ಗೆ ಹಿಡಿಸುವ ಥ್ರೆಡ್ ಇರುವ ಬಳೆ) ಮೇಲೆ 1.37 x 24 ಅಂತ ಇದೆ. ಈಗ ಹಾಕಬೇಕಾಗಿರೋದು ಶಿಮಾನೊ ಹಾಲೋಟೆಕ್ 2 ಮೌಂಟನ್ ಕ್ರ್ಯಾಂಕ್, ಮೂರು ಚೈನ್‌ರಿಂಗ್, 24 ಮಿ.ಮೀ. ಸ್ಪಿಂಡಲ್, ಬೇರಿಂಗ್ ಶೆಲ್‌ನ (ಫ್ರೇಮ್‌ನಲ್ಲಿ ಬಿಬಿ ಕೂರುವ ಅಡ್ಡ ಕೊಳವೆ) ಹೊರಗೆ ಕೂರುವ ಕಪ್‌ಗಳು. ಫ್ರಂಟ್ ಡಿರೇಲರ್ (ಚೈನನ್ನು ಒಂದು ಚೈನ್‌ರಿಂಗ್‌ನಿಂದ ಇನ್ನೊಂದಕ್ಕೆ ದಾಟಿಸೋದು) ಸೀಟ್ ಟ್ಯೂಬ್‌ಗೆ ಪಟ್ಟಿ ಹಾಕಿ ಕಟ್ಟುವಂಥದ್ದು.

ಬಲಗಡೆ ಕಪ್ ಕೈಯಲ್ಲಿ ಎರಡು ಸುತ್ತು ಹೋಗಿ ಗಟ್ಟಿಯಾಗಿ ನಿಲ್ಲುತ್ತೆ. ಎಡಗಡೆಯದು ಕೈಯಲ್ಲೇ ಪೂರ್ತಿ ಹೋಗುತ್ತೆ, ಆದರೆ ಕಪ್ಪಿಗೂ ಶೆಲ್‌ಗೂ ಮಧ್ಯೆ ಕೆಳಭಾಗದಲ್ಲಿ ಒಂದು ಕಾಗದ ತೂರುವಷ್ಟು ಸಂದಿ ಉಳಿಯುತ್ತೆ. ಶೆಲ್ ಅಗಲ ವರ್ನಿಯರ್‌ನಲ್ಲಿ ಒಂದು ಕಡೆ 68.4, ಇನ್ನೊಂದು ಕಡೆ 68.2 ಮಿ.ಮೀ. ತೋರಿಸುತ್ತೆ.

ಬಲಗಡೆಯದನ್ನು ಸ್ಪ್ಯಾನರ್ ಹಾಕಿ ಎಳೆದರೆ ಹೋಗುತ್ತಾ? ಡಬ್ಬಿಯಲ್ಲಿ 2.5 ಮಿ.ಮೀ.ದು ಮೂರು ಸ್ಪೇಸರ್ (ಕಪ್ಪಿಗೂ ಶೆಲ್‌ಗೂ ಮಧ್ಯೆ ಹಾಕುವ ಉಂಗುರ) ಇವೆ, ಯಾವುದು ಎಲ್ಲಿಗೆ? ಥ್ರೆಡ್‌ಗೆ ಗ್ರೀಸಾ, ಥ್ರೆಡ್‌ಲಾಕಾ (ಸಡಿಲ ಆಗದಂತೆ ಹಿಡಿಯುವ ಅಂಟು)?

ಎಡಸುತ್ತು:

ಸ್ಪ್ಯಾನರ್ ಮುಟ್ಟಬೇಡಿ ಸರ್. ಕೈಗೆ ಬಗ್ಗದ ಕಪ್ಪನ್ನು ಸ್ಪ್ಯಾನರ್‌ಗೆ ಬಗ್ಗಿಸಿದರೆ ಹಾಳಾಗೋದು ಕಪ್ಪಿನ ಅಲ್ಯೂಮಿನಿಯಂ ಥ್ರೆಡ್. ಅಡ್ಡ ಹಿಡಿದುಬಿಟ್ಟರೆ ಶೆಲ್ ಥ್ರೆಡ್ಡೂ ಕೆಡುತ್ತೆ, ಆಮೇಲೆ ರಿಪೇರಿ ಫ್ರೇಮ್‌ದೇ.

ಮೊದಲು ಥ್ರೆಡ್ ಯಾವುದು ಅಂತ ಖಾತ್ರಿ ಮಾಡಿಕೊಳ್ಳೋಣ. 1.37 ಇಂಚು, ಇಂಚಿಗೆ 24 ಥ್ರೆಡ್ ಅಂದರೆ ಬಿಎಸ್‌ಎ, ಇಂಗ್ಲಿಷ್ ಅಂತಲೂ ಕರೀತಾರೆ. ಇದರಲ್ಲಿ ಎಡಗಡೆಯದು ಮಾಮೂಲಿ ಬಲಸುತ್ತು (ಗಡಿಯಾರದ ದಿಕ್ಕಿಗೆ ಬಿಗಿ), ಚೈನ್ ಇರುವ ಬಲಗಡೆಯದು ಎಡಸುತ್ತು (ಅದರ ಉಲ್ಟಾ). ಇಟಾಲಿಯನ್ 36 ಮಿ.ಮೀ., ಅದಕ್ಕೂ ಇಂಚಿಗೆ 24 ಥ್ರೆಡ್, ಶೆಲ್ 70 ಮಿ.ಮೀ., ಎರಡೂ ಕಡೆ ಬಲಸುತ್ತು. ಬಿಎಸ್‌ಎ ಕಪ್ ಅದರೊಳಗೆ ಲೊಡಲೊಡ ಅನ್ನುತ್ತೆ, ಸಿಕ್ಕಿಕೊಳ್ಳೋದಿಲ್ಲ. ಗೊಂದಲ ಮಾಡೋದು ಹಳೇ ಫ್ರೆಂಚ್ ಶೆಲ್: 35 ಮಿ.ಮೀ., ಪಿಚ್ (ಒಂದು ಥ್ರೆಡ್‌ನಿಂದ ಮುಂದಿನದಕ್ಕೆ ದೂರ) 1 ಮಿ.ಮೀ. ಬಿಎಸ್‌ಎ ಪಿಚ್ 1.058. ವ್ಯಾಸ ಹೆಚ್ಚುಕಮ್ಮಿ ಒಂದೇ, ಹಾಗಾಗಿ ಕಪ್ ಒಂದೆರಡು ಸುತ್ತು ಹೋದಂತೆ ಮಾಡಿ ಕಚ್ಚಿಕೊಳ್ಳುತ್ತೆ. ಆದರೆ ಫ್ರೆಂಚ್‌ನಲ್ಲಿ ಎರಡೂ ಕಡೆ ಬಲಸುತ್ತು, ನಿಮ್ಮ ಎಡಸುತ್ತಿನ ಕಪ್ ಬಲಗಡೆ ಶುರುವೇ ಆಗುತ್ತಿರಲಿಲ್ಲ. ಅಲ್ಲದೆ ನಿಮ್ಮ ಎಡಗಡೆ ಕಪ್ ಪೂರ್ತಿ ಹೋಗಿದೆ. ಫ್ರೇಮ್ ಬಿಎಸ್‌ಎಯೇ, ಅನುಮಾನ ಬೇಡ. ಬಲಗಡೆ ಸಿಕ್ಕಿಕೊಂಡಿರೋದು ಪೌಡರ್. ಕೋಟಿಂಗ್ ಮಾಡುವಾಗ ಆ ಕಡೆ ಬಿರಡೆ ಸರಿಯಾಗಿ ಕೂತಿಲ್ಲ. ಟಾರ್ಚ್ ಹಿಡಿದು ನೋಡಿ, ಎರಡು ಮೂರನೇ ಥ್ರೆಡ್ ಆದಮೇಲೆ ಕಣಿವೆಗಳು ತುಂಬಿಕೊಂಡು ದುಂಡಗೆ ಕಾಣಿಸುತ್ತವೆ.

ಸರಿಯಾದ ಮದ್ದು ಬಿಬಿ ಟ್ಯಾಪ್ (ಒಳ ಥ್ರೆಡ್ ಕೊರೆಯುವ ಉಪಕರಣ) ಓಡಿಸೋದು. ಒಳ್ಳೇ ಸೆಟ್‌ನಲ್ಲಿ ಎಡ ಬಲದ ಟ್ಯಾಪ್ ಎರಡೂ ಒಂದೇ ಕಂಬಿಯ ಮೇಲೆ ಎದುರುಬದುರು ಬರುತ್ತವೆ, ಅದರಿಂದ ಎರಡೂ ಕಡೆ ಥ್ರೆಡ್ ಒಂದೇ ಗೆರೆಯಲ್ಲಿ ಉಳಿಯುತ್ತೆ. ಕಟಿಂಗ್ ಆಯಿಲ್ ಧಾರಾಳವಾಗಿ ಹಾಕಿ. ಅರ್ಧ ಸುತ್ತು ಒಳಗೆ, ಕಾಲು ಸುತ್ತು ಹೊರಗೆ, ಮಧ್ಯೆ ಮಧ್ಯೆ ಪೂರ್ತಿ ತೆಗೆದು ಪುಡಿ ಒರೆಸಿ. ಪೌಡರ್ ಕೋಟಿಂಗ್ ಲೋಹದ ಹಾಗೆ ಚೂರಾಗಿ ಬೀಳಲ್ಲ, ಅಂಟಂಟಾಗಿ ಟ್ಯಾಪಿನ ಹಲ್ಲಿಗೇ ಮೆತ್ತಿಕೊಳ್ಳುತ್ತೆ.

ಟ್ಯಾಪ್ ಸಿಗದಿದ್ದರೆ ಯಾವುದಾದರೂ ಹಳೇ ಬಿಬಿಯಿಂದ ಬಿಚ್ಚಿದ ಎಡಸುತ್ತಿನ ಸ್ಟೀಲ್ ಕಪ್ ಇದೆಯಾ ನೋಡಿ. ಅದರ ಥ್ರೆಡ್‌ಗೆ ಅಡ್ಡಲಾಗಿ ಮೂರು ಕಡೆ ತ್ರಿಕೋನ ಅರದಲ್ಲಿ ತೋಡು ಕೊಯ್ಯಿರಿ, ಅಂಚಿನಲ್ಲಿ ಎದ್ದ ಚೂಪು ಚೂರು ತೆಗೆಯಿರಿ. ಬಣ್ಣ ಕೆರೆಯೋಕೆ ಅಷ್ಟು ಸಾಕು. ಲೋಹ ಕತ್ತರಿಸೋಕೆ ಇದು ಆಗಲ್ಲ, ಥ್ರೆಡ್ ನಿಜಕ್ಕೂ ಕೆಟ್ಟಿದ್ದರೆ ಟ್ಯಾಪೇ ಬೇಕು.

ದಿಕ್ಕಿನ ಗೊಂದಲಕ್ಕೆ ಒಂದು ಗುರುತು: ಸ್ಪ್ಯಾನರ್ ಮೇಲಕ್ಕೆ ನಿಂತಿರುವಾಗ ಅದರ ತುದಿ ಹಿಂದಿನ ಚಕ್ರದ ಕಡೆ ಹೋದರೆ ಬಿಗಿ, ಮುಂದಿನ ಚಕ್ರದ ಕಡೆ ಹೋದರೆ ಸಡಿಲ. ಬಿಎಸ್‌ಎಯಲ್ಲಿ ಎಡಕ್ಕೂ ಬಲಕ್ಕೂ ಇದೇ. ಪೆಡಲ್‌ಗೆ ಸರಿಯಾಗಿ ಇದರ ಉಲ್ಟಾ.

ಸಪಾಟುಮುಖ:

ಬಲಗಡೆ ಥ್ರೆಡ್ ಬಗ್ಗೆ ಮೇಲಿನವರು ಹೇಳಿದ್ದು ಸರಿ. ಆದರೆ ನನ್ನ ಲೆಕ್ಕದಲ್ಲಿ ದೊಡ್ಡ ಸಮಸ್ಯೆ ಎಡಗಡೆಯದು. ಅದು ಕೈಯಲ್ಲೇ ಹೋಯ್ತು ಅಂತ ನೀವು ಸಮಾಧಾನ ಮಾಡಿಕೊಂಡಂತಿದೆ. ಆ ಕಾಗದದ ಸಂದಿಯನ್ನು ಹಾಗೇ ಬಿಡಬೇಡಿ.

ಹಳೇ ಕಾರ್ಟ್ರಿಜ್ ಯಾಕೆ ತಕರಾರು ಮಾಡಲಿಲ್ಲ ಅಂದರೆ, ಅದರ ಎರಡೂ ಬೇರಿಂಗ್ ಒಂದೇ ಕೊಳವೆಯೊಳಗೆ ಕಾರ್ಖಾನೆಯಲ್ಲೇ ಕೂರಿಸಿ ಬಂದಿರುತ್ತವೆ. ಶೆಲ್ ಮುಖ (ಕಪ್ ಒತ್ತಿ ಕೂರುವ ಶೆಲ್‌ನ ತುದಿಯಂಚು) ಸೊಟ್ಟಗಿದ್ದರೂ ಬೇರಿಂಗ್‌ಗೆ ಗೊತ್ತಾಗಲ್ಲ. ಹೊರಗಿನ ಕಪ್‌ಗಳಲ್ಲಿ ಕಥೆ ಬೇರೆ. ಎಡದ ಬೇರಿಂಗ್ ಬೇರೆ, ಬಲದ್ದು ಬೇರೆ, ಇವೆರಡನ್ನೂ ನೇರವಾಗಿ ಹಿಡಿಯೋದು ಶೆಲ್ ಮುಖವೇ. ಮುಖದ ಒಂದು ಬದಿ 0.2 ಮಿ.ಮೀ. ಎತ್ತರ ಇದ್ದರೆ, ಬಿಗಿ ಮಾಡಿದಾಗ ಕಪ್ ಅಷ್ಟು ವಾಲುತ್ತೆ, ಸ್ಪಿಂಡಲ್ ಒಳಗೆ ಹೋದಮೇಲೆ ಬೇರಿಂಗ್ ಸದಾ ಒಂದು ಬದಿಗೆ ಒತ್ತಿಕೊಂಡೇ ತಿರುಗುತ್ತೆ. ಬೇರಿಂಗ್ ಬೇಗ ಸವೆಯುತ್ತೆ, ಕಟಕಟ ಸದ್ದೂ ಬರುತ್ತೆ. ಆಮೇಲೆ ಎಲ್ಲರೂ ಬೈಯೋದು ಬೇರಿಂಗ್‌ನ.

ಒಂದು ಪರೀಕ್ಷೆ ಮಾಡಿ. ಶೆಲ್ ಮುಖಕ್ಕೆ ಸುತ್ತಲೂ ಕಪ್ಪು ಮಾರ್ಕರ್ ಬಳಿಯಿರಿ, ಒಣಗಲಿ. ಕಪ್ಪನ್ನು ಗ್ರೀಸ್ ಇಲ್ಲದೆ ಹಾಕಿ, ಮುಖ ಮುಟ್ಟಿದಮೇಲೆ ಕೈಯಲ್ಲಿ ಚೆನ್ನಾಗಿ ಒತ್ತಿ ತಿರುಗಿಸಿ, ಬಿಚ್ಚಿ. ಇಂಕು ಸುತ್ತಲೂ ಒಂದೇ ಥರ ಕೆರೆದು ಹೋಗಿದ್ದರೆ ಮುಖ ಸಪಾಟಾಗಿದೆ. ನಿಮ್ಮದರಲ್ಲಿ ಮೇಲ್ಭಾಗದಲ್ಲಿ ಮಾತ್ರ ಹೊಳಪು ಬರುತ್ತೆ, ಕೆಳಗೆ ಇಂಕು ಹಾಗೇ ಉಳಿದಿರುತ್ತೆ ಅಂತ ಈಗಲೇ ಬರೆದುಕೊಡ್ತೀನಿ. 68.4 ಮತ್ತು 68.2 ಅಂತ ನೀವೇ ಅಳೆದಿದ್ದೀರಲ್ಲ.

ಹೆಚ್ಚಿನ ಪಾಲು ಅದು ಪೌಡರ್ ದಪ್ಪವೇ ಇರಬಹುದು. ಹಾಗಾದರೆ ಮುಖದ ಬಣ್ಣ ಪೂರ್ತಿ ತೆಗೆಯಬೇಕು, ಬರೀ ಲೋಹ ಕಾಣಬೇಕು. ಇದಕ್ಕೆ ಫೇಸಿಂಗ್ ಟೂಲ್ ಇದೆ: ಥ್ರೆಡ್‌ನಲ್ಲಿ ಕೂರುವ ಬುಶ್, ಅದರೊಳಗೆ ಕಂಬಿ, ತುದಿಯಲ್ಲಿ ಹಲ್ಲಿನ ಕಟರ್. ಕತ್ತರಿಸುವ ದಿಕ್ಕಿಗೆ ಮಾತ್ರ ತಿರುಗಿಸಿ, ಒತ್ತಡ ಇರುವಾಗ ಹಿಂದಕ್ಕೆ ತಿರುಗಿಸಿದರೆ ಹಲ್ಲು ಮೊಂಡಾಗುತ್ತೆ. ಸುತ್ತಲೂ ಬೆಳ್ಳಿ ಉಂಗುರದ ಹಾಗೆ ಪೂರ್ತಿ ಹೊಳಪು ಬಂದ ಕ್ಷಣ ನಿಲ್ಲಿಸಿ. ಟೂಲ್ ಓಡಿಸೋದು ಥ್ರೆಡ್ ಸ್ವಚ್ಛ ಮಾಡಿದ ಮೇಲೆ, ಮೊದಲಲ್ಲ. ಬುಶ್ ನಂಬಿಕೊಂಡಿರೋದೇ ಥ್ರೆಡ್ಡನ್ನ.

ಸಪಾಟು ಗಾಜಿನ ಮೇಲೆ ಉಪ್ಪುಕಾಗದ ಅಂಟಿಸಿ ಉಜ್ಜುವ ಉಪಾಯ ಅಲ್ಲಲ್ಲಿ ಹೇಳ್ತಾರೆ. ಬಣ್ಣ ಹೋಗುತ್ತೆ, ನಿಜ. ಆದರೆ ಲೋಹವೇ ವಾಲಿದ್ದರೆ ಅದು ವಾಲಿದ ಹಾಗೇ ಉಳಿಯುತ್ತೆ, ಯಾಕಂದರೆ ಉಜ್ಜುವಾಗ ಥ್ರೆಡ್‌ನ ಅಕ್ಷಕ್ಕೆ ಲಂಬ ಅಂತ ಹಿಡಿಯೋಕೆ ಅಲ್ಲಿ ಏನೂ ಇಲ್ಲ. ಬಣ್ಣ ತೆಗೆದಮೇಲೆ ಮಾರ್ಕರ್ ಪರೀಕ್ಷೆ ಮತ್ತೊಮ್ಮೆ ಮಾಡಿ, ಆಗ ಗೊತ್ತಾಗುತ್ತೆ ಟೂಲ್ ಬೇಕೋ ಬೇಡವೋ ಅಂತ.

ಚೈನ್‌ಲೈನ್:

ಸ್ಪೇಸರ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಹೇಳ್ತೀನಿ. ನಿಮ್ಮದು 68 ಶೆಲ್, ಪಟ್ಟಿ ಡಿರೇಲರ್, ಮೌಂಟನ್ ಕ್ರ್ಯಾಂಕ್: ಮೂರೂ ಹಾಕಬೇಕು. ಬಲಗಡೆ ಎರಡು, ಎಡಗಡೆ ಒಂದು.

ಯಾಕೆ ಅಂತ ಲೆಕ್ಕ ಹಾಕಿ ನೋಡಿ, ಬಾಯಿಪಾಠ ಬೇಕಾಗಲ್ಲ. ಈ ಕ್ರ್ಯಾಂಕ್‌ಗೆ 73 ಮಿ.ಮೀ. ಶೆಲ್‌ನಲ್ಲಾದರೆ ಬಲಗಡೆ ಒಂದೇ ಸ್ಪೇಸರ್. ಅಂದರೆ ಫ್ರೇಮ್‌ನ ನಡುಗೆರೆಯಿಂದ ಬಲ ಕಪ್ ಕೂರುವ ಜಾಗಕ್ಕೆ 36.5 ಮತ್ತು 2.5 ಸೇರಿ 39 ಮಿ.ಮೀ., ಎಡಕ್ಕೆ 36.5. ನಿಮ್ಮ 68ರಲ್ಲಿ ಒಂದೊಂದು ಬದಿಗೆ 34. ಬಲಕ್ಕೆ ಎರಡು ಸ್ಪೇಸರ್ ಸೇರಿಸಿದರೆ 39, ಎಡಕ್ಕೆ ಒಂದು ಸೇರಿಸಿದರೆ 36.5. ತಾಳೆಯಾಯ್ತಲ್ಲ? ಬಿಬಿ ಕಪ್ಪಿನ ಅಡಿಗೇ ಸಿಕ್ಕಿಸುವ ತಟ್ಟೆಯ ಡಿರೇಲರ್ ಆಗಿದ್ದರೆ ಆ ತಟ್ಟೆಯೇ ಬಲಗಡೆ ಒಂದು ಸ್ಪೇಸರ್‌ನ ಜಾಗ ತಗೊಳ್ಳುತ್ತೆ. ರೋಡ್ ಕ್ರ್ಯಾಂಕ್ ಆಗಿದ್ದರೆ 68ಕ್ಕೆ ಸ್ಪೇಸರ್ರೇ ಇಲ್ಲ.

ಒಂದು ಕಮ್ಮಿ ಹಾಕಿದರೆ ಎಡ ಕ್ರ್ಯಾಂಕ್ ಎಷ್ಟು ಒತ್ತಿದರೂ ಆಟ (ಅಲುಗಾಟ) ಉಳಿಯುತ್ತೆ. ಒಂದು ಜಾಸ್ತಿ ಹಾಕಿದರೆ ಅದಕ್ಕಿಂತ ಅಪಾಯ: ಎಡ ಕ್ರ್ಯಾಂಕ್ ಸ್ಪಿಂಡಲ್‌ನ ಹಲ್ಲುಗಳ ಮೇಲೆ ಪೂರ್ತಿ ಕೂರೋದೇ ಇಲ್ಲ.

ದಡಬಡ:

ಇಷ್ಟೆಲ್ಲ ಯಾಕ್ರಿ? ಥ್ರೆಡ್‌ಲಾಕ್ ಬಳಿದು ಬಿಗಿಯಾಗಿ ಎಳೆದುಬಿಡಿ, ಮತ್ತೆ ಸಡಿಲ ಆಗೋ ಮಾತೇ ಇಲ್ಲ.

ಎಡಸುತ್ತು:

@ದಡಬಡ, ಬಿಎಸ್‌ಎಗೆ ಅದು ಬೇಡ. ಬಲಗಡೆಗೆ ಎಡಸುತ್ತು ಕೊಟ್ಟಿರೋದೇ ಅದಕ್ಕೆ. ಮುಷ್ಟಿಯಲ್ಲಿ ಒಂದು ಪೆನ್ಸಿಲ್ ಸಡಿಲವಾಗಿ ಹಿಡಿದು ಅದರ ತುದಿಯನ್ನು ವೃತ್ತ ಬರೆದ ಹಾಗೆ ಆಡಿಸಿ ನೋಡಿ, ಪೆನ್ಸಿಲ್ ತಾನಾಗಿ ವಿರುದ್ಧ ದಿಕ್ಕಿಗೆ ಉರುಳುತ್ತೆ. ತುಳಿತದ ಭಾರ ಸುತ್ತಿ ಬರುವಾಗ ಸ್ವಲ್ಪ ಸಡಿಲ ಇರುವ ಕಪ್ಪೂ ಶೆಲ್ ಒಳಗೆ ಹೀಗೇ ಹಿಂದಕ್ಕೆ ತೆವಳುತ್ತೆ. ಬಿಎಸ್‌ಎಯಲ್ಲಿ ಆ ತೆವಳಿಕೆ ಎರಡೂ ಕಡೆ ಬಿಗಿಯಾಗುವ ದಿಕ್ಕಿಗೇ ಇದೆ. ಇಟಾಲಿಯನ್‌ನಲ್ಲಿ ಬಲ ಕಪ್ ಬಿಚ್ಚಿಕೊಳ್ಳುವ ದಿಕ್ಕಿಗೆ ಇದೆ, ಅಲ್ಲಿ ಮಾತ್ರ ಬಲಗಡೆಗೆ ನೀಲಿ ಥ್ರೆಡ್‌ಲಾಕ್ ಹಾಕೋದಕ್ಕೆ ಅರ್ಥ ಇದೆ. ಅದೂ ಎಣ್ಣೆ ಜಿಡ್ಡಿಲ್ಲದ ಒಣ ಥ್ರೆಡ್‌ಗೆ. ಗ್ರೀಸ್ ಮೇಲೆ ಥ್ರೆಡ್‌ಲಾಕ್ ಹಿಡಿಯಲ್ಲ.

@ಕೆಂಪುಫ್ರೇಮ್, ನಿಮಗೆ ಗ್ರೀಸ್. ಅಲ್ಯೂಮಿನಿಯಂ ಕಪ್, ಸ್ಟೀಲ್ ಶೆಲ್, ಮಧ್ಯೆ ನೀರು ಸೇರಿದರೆ ಎರಡೂ ಲೋಹ ತುಕ್ಕಲ್ಲೇ ಬೆಸುಗೆ ಆದಂತೆ ಹಿಡಿದುಕೊಳ್ಳುತ್ತವೆ. ಶೆಲ್ ಥ್ರೆಡ್ ಪೂರ್ತಿ ತುಂಬ ಗ್ರೀಸ್ ಮೆತ್ತಿ, ಬಣ್ಣ ತೆಗೆದ ಮುಖಕ್ಕೂ ಹಚ್ಚಿ, ಪ್ರತಿ ಸ್ಪೇಸರ್‌ನ ಎರಡೂ ಮೈಗೆ ತೆಳುವಾಗಿ ಬಳಿಯಿರಿ. ಸ್ಪೇಸರ್ ಒಣಗಿದ್ದರೆ ಅಲ್ಲಿಂದಲೇ ಸದ್ದು ಶುರುವಾಗೋದು. ಟೈಟಾನಿಯಂ ಫ್ರೇಮ್ ಆಗಿದ್ದರೆ ಗ್ರೀಸ್ ಬದಲು ಆಂಟಿ-ಸೀಜ್ (ಲೋಹಗಳು ಕಚ್ಚಿಕೊಳ್ಳದಂತೆ ತಡೆಯುವ ಲೇಪ) ಹಾಕಿ.

ಕಪ್ಪಿನ ಟಾರ್ಕ್ (ತಿರುಗಿಸಿ ಬಿಗಿ ಮಾಡುವ ಬಲ) 35ರಿಂದ 50 ನ್ಯೂಟನ್ ಮೀಟರ್, 40 ಇಟ್ಟುಕೊಳ್ಳಿ. ಟಾರ್ಕ್ ರೆಂಚ್‌ಗೆ ಸಿಕ್ಕಿಸುವ ಕಪ್ ಸಾಕೆಟ್ ಇಲ್ಲದಿದ್ದರೆ, ಉದ್ದ ಹಿಡಿಯ ಕಪ್ ಸ್ಪ್ಯಾನರ್‌ನಲ್ಲಿ ಕಪ್ಪಿನ ನಡುಬಿಂದುವಿನಿಂದ 25 ಸೆಂ.ಮೀ. ದೂರದಲ್ಲಿ ಗುರುತು ಮಾಡಿ, ಅಲ್ಲಿಗೆ ಲಗೇಜ್ ತೂಗುವ ತಕ್ಕಡಿ ಸಿಕ್ಕಿಸಿ, ಹಿಡಿಗೆ ನೇರ ಅಡ್ಡಲಾಗಿ 16 ಕೆ.ಜಿ. ಬರುವ ತನಕ ಎಳೆಯಿರಿ. ಅದೇ 40. ಕಪ್ಪಿನ ಕಚ್ಚುಗಳು ಆಳ ಇಲ್ಲ, ಸ್ಪ್ಯಾನರ್ ಜಾರಿದರೆ ಮೊದಲು ಹೋಗೋದು ನಿಮ್ಮ ಬೆರಳಗಂಟು, ಆಮೇಲೆ ಹೊಸ ಬಣ್ಣ. ಒಂದು ಕೈಯಲ್ಲಿ ಸ್ಪ್ಯಾನರ್‌ನ ತಲೆಯನ್ನು ಕಪ್ಪಿಗೆ ಒತ್ತಿಯೇ ಹಿಡಿದಿರಿ.

ಸಪಾಟುಮುಖ:

ಕ್ರ್ಯಾಂಕ್ ಕೂರಿಸುವ ಕಡೆಗೂ ಒಂದು ಮಾತು, ಯಾಕಂದರೆ ಬಿಬಿ ಸರಿಯಾಗಿ ಹಾಕಿ ಇಲ್ಲಿ ಕೆಡಿಸೋರೇ ಹೆಚ್ಚು.

ಎರಡು ಕಪ್ಪಿನ ಮಧ್ಯದ ಪ್ಲಾಸ್ಟಿಕ್ ಕೊಳವೆ ಮರೆಯಬೇಡಿ, ಸೀಟ್ ಟ್ಯೂಬ್‌ನಿಂದ ಇಳಿಯುವ ನೀರು ಬೇರಿಂಗ್ ಬೆನ್ನಿಗೆ ತಗಲದಂತೆ ತಡೆಯೋದು ಅದೇ. ಸ್ಪಿಂಡಲ್‌ಗೆ ತೆಳು ಗ್ರೀಸ್ ಸವರಿ ಬಲಗಡೆಯಿಂದ ತಳ್ಳಿ, ಕೊನೆಯಲ್ಲಿ ಪ್ಲಾಸ್ಟಿಕ್ ಸುತ್ತಿಗೆಯಲ್ಲಿ ಎರಡು ಏಟು. ಎಡ ಕ್ರ್ಯಾಂಕ್ ಏರಿಸಿ, ಪ್ಲಾಸ್ಟಿಕ್ ಪ್ರಿಲೋಡ್ ಕ್ಯಾಪ್ ಹಾಕಿ. ಈ ಕ್ಯಾಪ್‌ನ ಟಾರ್ಕ್ ಬರೀ 0.7ರಿಂದ 1.5 ನ್ಯೂಟನ್ ಮೀಟರ್. ಪುಟ್ಟ ಪ್ಲಾಸ್ಟಿಕ್ ಟೂಲ್ ಕೊಟ್ಟಿರೋದು ಸುಮ್ಮನೆ ಅಲ್ಲ, ಬೆರಳಲ್ಲಿ ತಿರುಗಿಸಿ, ಆಟ ಹೋದ ತಕ್ಷಣ ನಿಲ್ಲಿಸಬೇಕು. ಇದರ ಕೆಲಸ ಕ್ರ್ಯಾಂಕ್ ಹಿಡಿಯೋದಲ್ಲ, ಬದಿಯ ಆಟ ತೆಗೆಯೋದು ಅಷ್ಟೇ. ಕ್ರ್ಯಾಂಕ್ ಹಿಡಿಯೋದು ಎರಡು ಪಿಂಚ್ ಬೋಲ್ಟ್‌ಗಳು, ಅವಕ್ಕೆ 12ರಿಂದ 14.

ಬೋಲ್ಟ್ ಬಿಗಿ ಮಾಡುವ ಮೊದಲು ಎಡ ಕ್ರ್ಯಾಂಕ್‌ನ ಸೀಳಿನಲ್ಲಿರುವ ಸ್ಟಾಪರ್ ತಟ್ಟೆಯನ್ನು ಒಳಕ್ಕೆ ಒತ್ತಿ. ಅದರ ಮೊಳೆ ಸ್ಪಿಂಡಲ್‌ನ ತೂತಿಗೆ ಟಕ್ ಅಂತ ಇಳಿದರೆ ಕ್ರ್ಯಾಂಕ್ ಸರಿಯಾದ ಆಳಕ್ಕೆ ಬಂದಿದೆ ಅಂತ. ಇಳಿಯದಿದ್ದರೆ ಸ್ಪೇಸರ್ ಲೆಕ್ಕ ತಪ್ಪಿದೆ, ಅಥವಾ ಬಲಗಡೆಯಿಂದ ಸ್ಪಿಂಡಲ್ ಪೂರ್ತಿ ಬಂದಿಲ್ಲ. ತಟ್ಟೆ ಒತ್ತಿ ಬಾಗಿಸಿ ಸುಮ್ಮನಾಗಬೇಡಿ. ಆಮೇಲೆ ಎರಡು ಬೋಲ್ಟನ್ನೂ ಒಂದಾದಮೇಲೊಂದು ಸ್ವಲ್ಪ ಸ್ವಲ್ಪ, ಮೂರ್ನಾಲ್ಕು ಸರದಿ. ಒಂದನ್ನೇ ಪೂರ್ತಿ ಬಿಗಿ ಮಾಡಿ ಇನ್ನೊಂದಕ್ಕೆ ಬಂದರೆ, ಎರಡನೆಯದು ಬಿಗಿಯಾಗುವಾಗ ಮೊದಲನೆಯದು ಸಡಿಲ ಬಿದ್ದಿರುತ್ತೆ.

ಹೊಸ ಬಿಬಿಯ ಸೀಲ್ ಬಿಗಿ ಇರುತ್ತೆ, ಕ್ರ್ಯಾಂಕ್ ತಿರುಗಿಸಿ ಬಿಟ್ಟರೆ ಒಂದೆರಡು ಸುತ್ತಿಗೇ ನಿಂತರೂ ಗಾಬರಿ ಬೇಡ. ನಯವಾಗಿ ತಿರುಗುತ್ತಾ, ಎಲ್ಲಾದರೂ ತಡೆಯುತ್ತಾ ಅನ್ನೋದಷ್ಟೇ ನೋಡಬೇಕಾದ್ದು.

ಗಾಳಿಚೀಲ:

ಮಧ್ಯೆ ಬಾಯಿ ಹಾಕ್ತಿದ್ದೀನಿ. ನನ್ನ ಕಾರ್ಬನ್ ಫ್ರೇಮ್ ಬಿಬಿ86 (ಕಪ್ ಒತ್ತಿ ಕೂರಿಸುವ ಮಾದರಿ), ಥ್ರೆಡ್ಡೇ ಇಲ್ಲ. ಅದಕ್ಕೂ ಇದೇ ಫೇಸಿಂಗ್ ಎಲ್ಲ ಬೇಕಾ?

ಚೈನ್‌ಲೈನ್:

ಅದು ಬೇರೆಯೇ ವಿಷಯ. ಅಲ್ಲಿ ಕಪ್ ನಿಲ್ಲೋದು 41 ಮಿ.ಮೀ. ತೂತಿನ ಬಿಗಿಯಿಂದ. ತೂತು ಒರೆಸಿ, ಕಪ್ಪಿನ ಮೇಲೂ ತೂತಿನ ಮೇಲೂ ಗೀರು ಇಲ್ಲ ಅಂತ ನೋಡಿ, ಪ್ರೆಸ್ ಟೂಲ್‌ನಲ್ಲಿ ನೇರ ಒತ್ತಿ. ಅರ್ಧದಲ್ಲಿ ವಾಲಿದ್ದು ಕಂಡರೆ ಹೊರಗೆ ತೆಗೆದು ಮತ್ತೆ ಶುರು ಮಾಡಿ. ಟೂಲ್‌ನ ಬಿಲ್ಲೆ ಕಪ್ಪಿನ ಅಂಚಿಗೆ ಕೂರಬೇಕು, ಬೇರಿಂಗ್‌ನ ಒಳ ಉಂಗುರಕ್ಕಲ್ಲ, ಒಳ ಉಂಗುರಕ್ಕೆ ಒತ್ತಿದರೆ ಬಾಲ್‌ಗಳ ದಾರಿಯಲ್ಲಿ ಗುಳಿ ಬೀಳುತ್ತೆ. ಕಾರ್ಬನ್ ಮೇಲೆ ಉಪ್ಪುಕಾಗದ, ಅರ ಆಡಿಸಬೇಡಿ. ಮಿಕ್ಕದ್ದಕ್ಕೆ ಬೇರೆ ಎಳೆ ತೆರೆಯಿರಿ, ಇಲ್ಲಿ ಬೆರೆಸೋದು ಬೇಡ.

ಕೆಂಪುಫ್ರೇಮ್:

ಎಲ್ಲರಿಗೂ ಧನ್ಯವಾದ. ಟ್ಯಾಪ್ ಓಡಿಸಿ ಆಯ್ತು, ಬಲ ಕಪ್ ಈಗ ಕೈಯಲ್ಲೇ ಕೊನೆ ತನಕ ಹೋಗುತ್ತೆ. ಮುಖದ ಬಣ್ಣ ತೆಗೆದಮೇಲೆ ಅಗಲ ಸುತ್ತಲೂ 68.0, ಮಾರ್ಕರ್ ಪೂರ್ತಿ ಉಂಗುರವಾಗಿ ಕೆರೆದಿದೆ. ಸ್ಪೇಸರ್ ಎರಡು ಒಂದು, ಟಾರ್ಕ್ 40, ಮೊಳೆ ತೂತಿಗೆ ಇಳಿದಿದೆ. ಆಟ ಇಲ್ಲ.

ಆದರೆ ಕ್ರ್ಯಾಂಕ್ ಕೈಯಲ್ಲಿ ತಿರುಗಿಸಿದರೆ ಸರಸರ ಅಂತ ಏನೋ ಸವರುವ ಸದ್ದು. ಚೈನ್ ಹಾಕಿಲ್ಲ. ಕಪ್ ಹಾಕಿದ ದಿನ ಇರಲಿಲ್ಲ, ಇವತ್ತು ಕೇಬಲ್ ಎಲ್ಲ ಹಾಕಿದಮೇಲೆ ಶುರುವಾಯ್ತು. ಬೇರಿಂಗ್ ಹೋಯ್ತಾ?

ಎಡಸುತ್ತು:

ಬೇರಿಂಗ್ ಅಲ್ಲ. ಸೈಕಲ್ ತಲೆಕೆಳಗು ಮಾಡಿ, ಬಿಬಿ ಶೆಲ್ ಅಡಿಯ ಕೇಬಲ್ ಗೈಡ್‌ನ ಸ್ಕ್ರೂ ಎರಡು ಸುತ್ತು ಸಡಿಲಿಸಿ ಕ್ರ್ಯಾಂಕ್ ತಿರುಗಿಸಿ. ಸದ್ದು ನಿಂತರೆ ಕಳ್ಳ ಅದೇ. ಸ್ಕ್ರೂ ಉದ್ದ ಇದ್ದರೆ ತುದಿ ಶೆಲ್ ಒಳಗೆ ಚಾಚಿ ಪ್ಲಾಸ್ಟಿಕ್ ಕೊಳವೆಯನ್ನು ಒತ್ತುತ್ತೆ, ಕೊಳವೆ ಒಳಕ್ಕೆ ಡೊಂಕಾಗಿ ಸ್ಪಿಂಡಲ್ ಸವರುತ್ತೆ.

ಕೆಂಪುಫ್ರೇಮ್:

ನಿಂತಿತು! ಸ್ಕ್ರೂ 16 ಮಿ.ಮೀ. ಇದೆ. ತುದಿಯನ್ನು ಎಷ್ಟು ಕತ್ತರಿಸಬೇಕು? ಕೊಳವೆ ಹಾಗೇ ಇಟ್ಟರೆ ನಡೆಯುತ್ತಾ?

ಎಡಸುತ್ತು:

ಗೈಡ್‌ನ ದಪ್ಪಕ್ಕೆ ಶೆಲ್ ಗೋಡೆಯ ದಪ್ಪ ಸೇರಿಸಿ, ಸ್ಕ್ರೂ ಅಷ್ಟೇ ಉದ್ದ ಇರಲಿ. ತುದಿ ಒಳಗೋಡೆಗೆ ಸಮ ಬಂದರೆ ಸರಿ. ಕತ್ತರಿಸೋದಕ್ಕಿಂತ ಮೊದಲು ಸ್ಕ್ರೂಗೆ ಒಂದು ನಟ್ ಏರಿಸಿಟ್ಟುಕೊಳ್ಳಿ, ಕತ್ತರಿಸಿದಮೇಲೆ ನಟ್ ಹೊರಗೆ ತೆಗೆಯುವಾಗ ಕೆಟ್ಟ ಮೊದಲ ಥ್ರೆಡ್ ತಾನೇ ನೇರ ಆಗುತ್ತೆ. ಹಾಕುವಾಗ ಸ್ಕ್ರೂಗೂ ಗ್ರೀಸ್.

ಕೊಳವೆ ನೋಡಬೇಕು ಅಂದರೆ ಕ್ರ್ಯಾಂಕ್ ಜೊತೆ ಒಂದು ಕಪ್ಪೂ ಬಿಚ್ಚಲೇಬೇಕು, ತಪ್ಪಿಸೋಕಾಗಲ್ಲ. ಬರೀ ಗುಳಿ ಬಿದ್ದು ವಾಪಸ್ ಉಬ್ಬಿದ್ದರೆ ಹಾಗೇ ಇಡಿ. ತೂತು ಬಿದ್ದಿದ್ದರೆ, ಅಥವಾ ತುದಿಯ ರಬ್ಬರ್ ಉಂಗುರ ಜಾಗ ಬಿಟ್ಟಿದ್ದರೆ ಬದಲಾಯಿಸಿ. ಹೇಗೂ ಬಿಚ್ಚಿದ್ದೀರಲ್ಲ, ಶೆಲ್ ಅಡಿಯ ನೀರು ಇಳಿಯುವ ತೂತು ಪೌಡರ್‌ನಲ್ಲಿ ಮುಚ್ಚಿಹೋಗಿದೆಯಾ ಅಂತಲೂ ಒಂದು ತಂತಿ ಹಾಕಿ ನೋಡಿಬಿಡಿ.